ವಾಸಸ್ಥಳ ಮತ್ತು ಮನಸ್ಸಿನ ನೆಮ್ಮದಿ: ನಾಗಪುರದ ಸಿವಿಲ್ ಲೈನ್ಸ್ ನಿಮಿತ್ತ

ಕನ್ನಡದ ಆಡುಮಾತಿನಲ್ಲಿ 'ಸ್ಥಳಗುಣ' ಎಂಬ ಪದವೊಂದುಂಟು. ಮನುಷ್ಯನ ನಡತೆಯಲ್ಲಿ ಕಂಡ ವ್ಯತ್ಯಾಸಕ್ಕೆ ಅವನನ್ನಲ್ಲ, ಅವನು ನಿಂತ ನೆಲವನ್ನು ಹೊಣೆ ಮಾಡುವ ಪದವದು. ಗುಣವಾಗದ ಬೇನೆಗೆ 'ಹವಾ ಬದಲಾವಣೆ' ಮಾಡಿಸುವ ರೂಢಿಯ ಹಿಂದೆಯೂ ಇದೇ ನಂಬಿಕೆ ಇದೆ. ಆದರೆ ಇದೇ ಭಾಷೆಯ ವಚನಪರಂಪರೆಯಲ್ಲಿ ಸ್ಥಲವೆಂದರೆ ಕಾಲಡಿಯ ನೆಲವಲ್ಲ. ಷಟ್‌ಸ್ಥಲದ ಆರೂ ನೆಲೆಗಳು ಅಂತರಂಗದ ನೆಲೆಗಳು. ನೆಲವೇ ಮನಸ್ಸನ್ನು ರೂಪಿಸುವುದೆಂಬ ಲೋಕರೂಢಿ ಒಂದು ಕಡೆ, ಮನಸ್ಸೇ ನಿಜವಾದ ನೆಲವೆಂಬ ಅನುಭಾವ ಇನ್ನೊಂದು ಕಡೆ. ಇವೆರಡರ ನಡುವೆ ಮೂರನೆಯ ಪ್ರಶ್ನೆಯೊಂದು ಸಾಮಾನ್ಯವಾಗಿ ಮರೆತುಹೋಗುತ್ತದೆ: ಆ ನೆಲ ಯಾರದು?

ಈ ಪ್ರಶ್ನೆಯನ್ನು ಎತ್ತಲು ನಾಗಪುರದ ಸಿವಿಲ್ ಲೈನ್ಸ್‌ನಷ್ಟು ತಕ್ಕ ಜಾಗ ಬೇರೆ ಸಿಗುವುದು ಕಷ್ಟ. 1817ರಲ್ಲಿ ಸೀತಾಬರ್ಡಿಯ ಗುಡ್ಡದ ಮೇಲೆ ನಡೆದ ಕದನದಲ್ಲಿ ಭೋಂಸಲೆಯವರು ಸೋತರು. 1853ರ ಕೊನೆಯಲ್ಲಿ ಮೂರನೆಯ ರಘೂಜಿ ಗಂಡುಸಂತಾನವಿಲ್ಲದೆ ತೀರಿಕೊಂಡ ಬಳಿಕ ಡಾಲ್‌ಹೌಸಿಯು ರಾಜ್ಯವನ್ನೇ ನುಂಗಿಹಾಕಿದನು. 1861ರಲ್ಲಿ ರಚಿತವಾದ ಮಧ್ಯಪ್ರಾಂತಕ್ಕೆ ನಾಗಪುರ ರಾಜಧಾನಿಯಾಯಿತು. ಗುಡ್ಡದ ಪೂರ್ವಕ್ಕೆ ಮಹಾಲ್, ಇತವಾರಿಗಳ ಹಳೆಯ ಊರು: ವಾಡೆಗಳು, ಅಂಗಡಿಸಾಲುಗಳು, ಗೋಡೆಗೆ ಗೋಡೆ ತಾಗಿದ ಮನೆಗಳು. ಪಶ್ಚಿಮಕ್ಕೆ ಹೊಸ ಅಧಿಕಾರಿವರ್ಗದ ಸಿವಿಲ್ ಲೈನ್ಸ್: ಅಗಲವಾದ ಬೀದಿಗಳು, ಸಾಲುಮರಗಳು, ಎಕರೆಗಟ್ಟಲೆ ಆವರಣದ ನಡುವೆ ಒಂಟಿಯಾಗಿ ನಿಂತ ಬಂಗಲೆಗಳು. ರೋಗವು ಕೆಟ್ಟ ಗಾಳಿಯಿಂದ ಹರಡುತ್ತದೆಂಬ ಅಂದಿನ ವೈದ್ಯಕೀಯ ಊಹೆ ಈ ವಿನ್ಯಾಸದ ಹಿಂದೆ ಕೆಲಸ ಮಾಡಿತ್ತು. 1857ರ ದಂಗೆಯ ಭಯವೂ ಸೇರಿತ್ತು. ದೇಶದ ಅನೇಕ ಊರುಗಳಲ್ಲಿ ಇದೇ ಹೆಸರಿನ, ಇದೇ ಮಾದರಿಯ ಬಡಾವಣೆಗಳು ಎದ್ದವು. ಊಹೆ ತಪ್ಪಾಗಿತ್ತು, ಆದರೆ ಅದರಿಂದ ಹುಟ್ಟಿದ ನೆರಳು ನಿಜವಾದದ್ದು. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಾಗಪುರದ ಬಿಸಿಲಿನಲ್ಲಿ ಆ ನೆರಳಿನ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಮರ, ಗಾಳಿ, ಮೌನಗಳಿಂದ ಮನಸ್ಸಿಗೆ ಹಿತವಾಗುತ್ತದೆಂಬುದು ಇಂದು ಕೇವಲ ಕವಿಸಮಯವಾಗಿ ಉಳಿದಿಲ್ಲ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ 1972ರಿಂದ 1981ರವರೆಗಿನ ದಾಖಲೆಗಳನ್ನು ಆಧರಿಸಿ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದ 23 ಜನರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ತೀವ್ರವಾದ ನೋವುನಿವಾರಕಗಳು ಕಡಿಮೆ ಸಾಕಾದವು. 2019ರಲ್ಲಿ ಡೆನ್ಮಾರ್ಕಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು, ಬಾಲ್ಯದಲ್ಲಿ ಹಸಿರಿನಿಂದ ಅತಿ ದೂರವಿದ್ದವರಲ್ಲಿ ಮುಂದೆ ಮನೋರೋಗ ಕಾಣಿಸಿಕೊಳ್ಳುವ ಸಂಭವ ಶೇಕಡಾ 55ರವರೆಗೆ ಹೆಚ್ಚಿರುವುದನ್ನು ಕಂಡರು. ಮನೆತನದ ಆರ್ಥಿಕ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಸಂಬಂಧ ಅಳಿಯಲಿಲ್ಲ. ಭಾರತದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಮಾನಸಿಕ ತೊಂದರೆಯಿರುವುದನ್ನು ಗುರುತಿಸಿತು. ಮಹಾನಗರಗಳಲ್ಲಿ ಈ ಪ್ರಮಾಣ ಹೆಚ್ಚಾಗಿತ್ತು. (ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ ಎಂಬುದು ಬೇರೆ ಮಾತು.)

ಇಷ್ಟರಿಂದಲೇ ಮರವಿರುವಲ್ಲಿ ನೆಮ್ಮದಿ, ಇಲ್ಲದಲ್ಲಿ ರೋಗ ಎಂದು ಸೂತ್ರ ಹೊಸೆಯುವುದು ಅವಸರವಾದೀತು. 1939ರಷ್ಟು ಹಿಂದೆಯೇ ಫಾರಿಸ್ ಮತ್ತು ಡನ್‌ಹ್ಯಾಮ್ ಷಿಕಾಗೋ ನಗರದ ನಡುಗಲ್ಲಿಗಳಲ್ಲಿ ಚಿತ್ತವಿಕಲತೆ ದಟ್ಟವಾಗಿರುವುದನ್ನು ತೋರಿಸಿದಾಗ ಎದ್ದ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆ ಗಲ್ಲಿಗಳು ಜನರನ್ನು ಕೆಡಿಸಿದವೋ, ಕೆಟ್ಟ ಜನ ಬೇರೆ ಗತಿಯಿಲ್ಲದೆ ಆ ಗಲ್ಲಿಗಳಿಗೆ ಬಂದು ಸೇರಿದರೋ? ಸಿವಿಲ್ ಲೈನ್ಸಿನ ಸಂದರ್ಭದಲ್ಲಿ ಇದನ್ನು ತಿರುವಿ ಕೇಳಬೇಕಾಗುತ್ತದೆ. ಆ ಬೀದಿಗಳು ನೆಮ್ಮದಿಯನ್ನು ಕೊಟ್ಟವೋ, ಮೊದಲೇ ನೆಮ್ಮದಿಯನ್ನು ಕೈವಶ ಮಾಡಿಕೊಂಡವರಿಗೆ ಆ ಬೀದಿಗಳು ದೊರೆತವೋ?

ಬಂಗಲೆಯ ರಚನೆಯಲ್ಲೇ ಉತ್ತರದ ಒಂದು ಭಾಗ ಅಡಗಿದೆ. ಎತ್ತರದ ಚಾವಣಿ, ಸುತ್ತಲೂ ಜಗಲಿ, ಬಿಸಿಗಾಳಿ ಹೊರಹೋಗಲು ಮೇಲುಗಿಂಡಿ. ಕೋಣೆಯ ನಡುವೆ ತೂಗುವ ಬಟ್ಟೆಯ ಪಂಖಾ. ಪಂಖಾದ ಹಗ್ಗ ಗೋಡೆಯ ರಂಧ್ರದಿಂದ ಹೊರಗೆ ಹೋಗುತ್ತಿತ್ತು, ಅದರ ತುದಿಯಲ್ಲಿ ಇರುಳೆಲ್ಲ ಎಚ್ಚರವಾಗಿರಬೇಕಾದ ಒಬ್ಬ ಮನುಷ್ಯನಿರುತ್ತಿದ್ದ. ಒಳಗಿನವನ ನಿದ್ದೆ ಹೊರಗಿನವನ ನಿದ್ದೆಗೇಡಿನ ಮೇಲೆ ನಿಂತಿತ್ತು. ಒಂದೇ ಆವರಣ, ಒಂದೇ ಬೇವಿನ ಮರದ ಗಾಳಿ. ಆದರೆ ಸ್ಥಳಗುಣ ಇಬ್ಬರಿಗೂ ಒಂದೇ ಆಗಿರಲಿಲ್ಲ. ಹಿತ್ತಿಲ ಕೊನೆಗೆ ಸಾಲಾಗಿ ಕಟ್ಟಿದ ಆಳುಮನೆಗಳು ಬಂಗಲೆಯ ಕಿಟಕಿಗೆ ಕಾಣಬಾರದೆಂಬಂತೆ ಇರುತ್ತಿದ್ದವು. ಎ.ಕೆ. ರಾಮಾನುಜನ್ ಮತ್ತು ಅನಂತಮೂರ್ತಿಯವರ ವಿಚಾರಗಳ ಮೂಲಕ ಕನ್ನಡ ವಿಮರ್ಶೆಗೆ ಪರಿಚಿತವಾದ ಅಂಗಳ–ಹಿತ್ತಿಲುಗಳ ಭೇದವನ್ನು ಭಾಷೆ, ಕಥನಗಳ ಚರ್ಚೆಗಷ್ಟೇ ಸೀಮಿತಗೊಳಿಸಬೇಕಾಗಿಲ್ಲ. ಇಟ್ಟಿಗೆ ಸುಣ್ಣಗಳಲ್ಲೂ ಅದನ್ನು ಓದಬಹುದು.

ಅಂಗಳದವರಾದರೂ ಪೂರ್ತಿ ಸುಖಿಗಳಾಗಿದ್ದರೆಂದು ಹೇಳುವಂತಿಲ್ಲ. ಬೇಸಿಗೆ ಬಂದೊಡನೆ ಪ್ರಾಂತದ ಆಡಳಿತ ಪಚ್‌ಮಢಿಯ ಬೆಟ್ಟಕ್ಕೆ ಏರುತ್ತಿತ್ತು. ತಾವೇ ಕಟ್ಟಿಕೊಂಡ ನೆರಳಿನಲ್ಲಿ ಅವರಿಗೆ ನಿಲ್ಲಲಾಗಲಿಲ್ಲ. ಸ್ವಾತಂತ್ರ್ಯಾನಂತರ ಬಂದ ಅಧಿಕಾರಿಗಳ ಪಾಡು ಬೇರೆ ಬಗೆಯದು. ವರ್ಗಾವಣೆಯ ಆದೇಶದೊಂದಿಗೆ ಬಂದವರು ಮತ್ತೊಂದು ಆದೇಶದೊಂದಿಗೆ ಹೊರಡುತ್ತಾರೆ. ತಾವು ನೆಟ್ಟ ಮಾವು ಹೂಬಿಡುವುದನ್ನು ಕಾಣುವ ಭಾಗ್ಯ ಅವರಲ್ಲಿ ಬಹಳ ಜನಕ್ಕೆ ಇರುವುದಿಲ್ಲ. ಅದನ್ನು ಕಾಣುವವನು ಆಳುಮನೆಯ ಮಾಲಿ. ಎಷ್ಟು ವರ್ಷ ಅಲ್ಲಿದ್ದರೂ ಅವನಿಗೆ ಆ ನೆಲದ ಮೇಲೆ ಕಾಗದದ ಹಕ್ಕಿಲ್ಲ. ಹಕ್ಕಿರುವವರಿಗೆ ನಂಟಿಲ್ಲ, ನಂಟಿರುವವರಿಗೆ ಹಕ್ಕಿಲ್ಲ. ಸಂತೃಪ್ತಿಯನ್ನು ಬರೀ ಗಾಳಿ ಬೆಳಕುಗಳ ಅಳತೆಯಲ್ಲಿ ಹುಡುಕುವ ಅಧ್ಯಯನಗಳ ಕಣ್ಣಿಗೆ ಬೀಳದಿರುವುದು ಈ ಕೊರತೆಯೇ.

ಹೋಲಿಕೆಗೆ ಕನ್ನಡನಾಡಿನ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕುಗಳ ಹೆಸರಿನಲ್ಲಿಯೇ ರೂಪುಗೊಂಡವು. ಕನ್ನಡದ ಎಷ್ಟೋ ಗದ್ಯ ಆ ತಂಪಾದ ಬೀದಿಗಳಲ್ಲಿ ಹುಟ್ಟಿದೆ. ಆದರೆ ಅಲ್ಲಿಯೂ ಮನೆಗಳ ಬೆನ್ನಿಗೆ ಕಿರಿದಾದ ಓಣಿಗಳಿದ್ದವು. ಮಲ ಹೊರುವವರು ಮುಂಬಾಗಿಲಿಗೆ ಕಾಣದಂತೆ ಬಂದು ಹೋಗಲೆಂದೇ ಬಿಟ್ಟ ಓಣಿಗಳವು. ಮಲ್ಲೇಶ್ವರದ ಪಕ್ಕದಲ್ಲೇ ಇರುವ ಶ್ರೀರಾಮಪುರದ ಕೊಳೆಗೇರಿಗೆ ಮಾಗಡಿ ಸೀಮೆಯ ಮಂಚನಬೆಲೆಯಿಂದ ಬಂದು ಸೇರಿದ ಕುಟುಂಬದ ಹುಡುಗ ಸಿದ್ಧಲಿಂಗಯ್ಯನವರಿಗೆ ಓದಲು ಬರೆಯಲು ಒದಗಿದ ನಿಶ್ಶಬ್ದದ ತಾಣ ಸ್ಮಶಾನ. ಅವರ ಆತ್ಮಕಥನ 'ಊರುಕೇರಿ'ಯನ್ನು ಓದಿದವರು ಈ ಪ್ರಸಂಗಗಳಿಗೆ ನಗದೆ ಇರಲಾರರು. ಅವರ ಹಾಸ್ಯ ಅಂಥದ್ದು. ನಗು ಇಳಿದ ಮೇಲೆ ಉಳಿಯುವ ಸಂಗತಿ ಮಾತ್ರ ಹಗುರವಾದದ್ದಲ್ಲ. ಮರವಿದ್ದ, ಮೌನವಿದ್ದ, ಯಾರೂ ಎಬ್ಬಿಸಿ ಓಡಿಸದ ಬಯಲು ಆ ಹುಡುಗನಿಗೆ ಸತ್ತವರ ನಡುವೆ ಮಾತ್ರ ದಕ್ಕಿತು. ಆ ಕೃತಿಯ ಹೆಸರೇ ಊರು ಮತ್ತು ಕೇರಿಯನ್ನು ಅಕ್ಕಪಕ್ಕದಲ್ಲಿಟ್ಟು, ವಾಸಸ್ಥಳವೆಂಬುದು ಏಕವಚನವಲ್ಲವೆಂದು ನೆನಪಿಸುತ್ತದೆ. ಮನೋವಿಜ್ಞಾನಿಗಳ ಪ್ರಶ್ನಾವಳಿಗೆ ಸಿಕ್ಕದ ಸೂಕ್ಷ್ಮಗಳು ಆತ್ಮಕಥನಗಳಲ್ಲಿ ಸಿಕ್ಕುತ್ತವೆ. ಕನ್ನಡ ವಿಭಾಗಗಳ ಸಂಶೋಧಕರು ಈ ದಿಕ್ಕಿನಲ್ಲಿ ಮಾಡಬೇಕಾದ ಕೆಲಸ ಬಹಳಷ್ಟಿದೆ. 'ಪ್ರಾದೇಶಿಕತೆ' ಎಂಬ ಶೀರ್ಷಿಕೆಯಡಿ ಮಲೆನಾಡು, ಬಯಲುಸೀಮೆಗಳ ವರ್ಣನೆಯನ್ನು ಪಟ್ಟಿ ಮಾಡಿದರೆ ಅದು ಮುಗಿಯುವುದಿಲ್ಲ.

ಊರಿಗೂ ಮನಸ್ಸೊಂದಿರುವುದಾದರೆ ನಾಗಪುರದ ಮನಸ್ಸಿಗೆ ಪೆಟ್ಟು ಬಿದ್ದ ದಿನವನ್ನು ಕನ್ನಡಿಗರು ಬೇರೆ ಕಾರಣಕ್ಕೆ ಬಲ್ಲರು. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿ, ಕನ್ನಡಿಗರು ಬಹುಪಾಲು ಒಂದು ಸೂರಿನಡಿಗೆ ಬಂದರು. ಅದೇ ದಿನ ವಿದರ್ಭದ ಎಂಟು ಜಿಲ್ಲೆಗಳು ಅದೇ ಮುಂಬಯಿ ರಾಜ್ಯಕ್ಕೆ ಸೇರಿದವು; ನಾಗಪುರ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ಫಜಲ್ ಅಲಿ ಆಯೋಗ 1955ರಲ್ಲಿ ವಿದರ್ಭವನ್ನು ಪ್ರತ್ಯೇಕ ರಾಜ್ಯವಾಗಿಸಲು ಶಿಫಾರಸು ಮಾಡಿತ್ತಾದರೂ ಅದು ಕೈಗೂಡಲಿಲ್ಲ. ಉಳಿದುದು 1953ರ ನಾಗಪುರ ಒಪ್ಪಂದದ ಮಾತು: ವರ್ಷಕ್ಕೊಂದು ಅಧಿವೇಶನ. ಅಂದಿನಿಂದ ಸಿವಿಲ್ ಲೈನ್ಸಿನ ವಿಧಾನಭವನ, ಮುಖ್ಯಮಂತ್ರಿಗಳ ರಾಮಗಿರಿ, ಸಚಿವರು ಇಳಿದುಕೊಳ್ಳುವ ರವಿಭವನ, ಇವೆಲ್ಲ ಚಳಿಗಾಲದ ಕೆಲವು ದಿನ ಎಚ್ಚರಗೊಂಡು ಮತ್ತೆ ಕಣ್ಣು ಮುಚ್ಚುತ್ತವೆ. 2012ರಲ್ಲಿ ಬೆಳಗಾವಿಯಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ. ರಾಜಧಾನಿಯಿಂದ ದೂರವಿರುವ ಸೀಮೆಗಳ ಅಸಮಾಧಾನವನ್ನು ಮಹಾರಾಷ್ಟ್ರದಲ್ಲಿ ದಾಂಡೇಕರ್ ಸಮಿತಿ 1984ರಲ್ಲಿ, ಕರ್ನಾಟಕದಲ್ಲಿ ನಂಜುಂಡಪ್ಪ ಸಮಿತಿ 2002ರಲ್ಲಿ ರಸ್ತೆ, ನೀರಾವರಿ, ಶಾಲೆಗಳ ಲೆಕ್ಕದಲ್ಲಿ ಅಳೆದವು. ಅಳೆದದ್ದು ಸರಿಯೇ. ತಮ್ಮ ಊರು ಲೆಕ್ಕಕ್ಕಿಲ್ಲವೆಂಬ ಕೊರಗು ಮಾತ್ರ ಅಂಕಿಗಳಾಚೆಗೂ ಉಳಿಯಿತು. ವ್ಯಕ್ತಿಯ ನೆಮ್ಮದಿಯ ಚರ್ಚೆಯಲ್ಲಿ ಈ ಸಾಮೂಹಿಕ ಕೊರಗಿಗೆ ಸ್ಥಾನವಿಲ್ಲದಿರುವುದು ಸರಿಯಲ್ಲ.

ರಾಜಧಾನಿ ಕಳೆದುಹೋಗುವ ಹದಿನೆಂಟು ದಿನ ಮೊದಲು, 1956ರ ಅಕ್ಟೋಬರ್ 14ರಂದು, ಸಿವಿಲ್ ಲೈನ್ಸಿನಿಂದ ಕೆಲವೇ ಮೈಲಿ ದೂರದ ಬಯಲಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ನಾಗಪುರವನ್ನೇ ಏಕೆ ಆರಿಸಿಕೊಂಡಿರೆಂಬ ಪ್ರಶ್ನೆಗೆ ಅವರು ಮರುದಿನದ ಭಾಷಣದಲ್ಲಿ ನಾಗಜನರ ಹೆಸರು ಹೇಳಿದರು: ಬೌದ್ಧಧರ್ಮವನ್ನು ಹರಡಿದ ನಾಗರ ನೆಲವಿದು ಎಂದು. ಇಲ್ಲಿ ನೆಲದ ಗುಣ ಹವೆಯಿಂದ ಬಂದದ್ದಲ್ಲ, ನೆನಪಿನಿಂದ ಬಂದದ್ದು. ಅಂದಿನ ದೀಕ್ಷಾಭೂಮಿ ಬಟ್ಟಬಯಲು. ಇಂದಿನ ಸ್ತೂಪ ಉದ್ಘಾಟನೆಯಾದದ್ದು 2001ರಲ್ಲಿ. ಮರಸಾಲಿಲ್ಲ, ಜಗಲಿಯಿಲ್ಲ, ಪಂಖಾ ಇಲ್ಲ. ಉಲ್ರಿಚ್ ಅವರ ಕಿಟಕಿಯೂ ಇಲ್ಲ. ವಿಜಯದಶಮಿಯ ಹೊತ್ತಿಗೆ ಕಲಬುರಗಿ, ಬೀದರ್ ಕಡೆಯಿಂದಲೂ ಜನ ಪಯಣ ಮಾಡಿ ಅಲ್ಲಿಗೆ ಬರುತ್ತಾರೆ; ಒಂದೆರಡು ರಾತ್ರಿ ತೆರೆದ ಆಕಾಶದ ಕೆಳಗೆ ಮಲಗುತ್ತಾರೆ; ಪುಸ್ತಕಗಳನ್ನು ಕೊಂಡು ಊರಿಗೆ ಮರಳುತ್ತಾರೆ. ಅಲ್ಲಿ ಮಲಗಿದವರನ್ನು ಯಾರೂ ಹಿತ್ತಿಲಿಗೆ ಹೋಗೆನ್ನುವುದಿಲ್ಲ.