ಮನೆವಾರ್ತೆ: ಎತ್ತರದ ಕೋಣೆಗೆ ಅಟ್ಟ

1898ರ ಪ್ಲೇಗಿನ ಹಾವಳಿಯ ತರುವಾಯ ಬೆಂಗಳೂರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳನ್ನು ಹೊಕ್ಕವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ನೆಲದಿಂದ 12-14 ಅಡಿ ಎತ್ತರದಲ್ಲಿ ತೇಗದ ಜಂತೆಗಳು. ಅವುಗಳ ಮೇಲೆ ಸುಣ್ಣದ ಗಾರೆಯಲ್ಲಿ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿದ ಮದರಾಸು ತಾರಸಿ. ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿಗಳು. ಕಾದ ಗಾಳಿ ಮೇಲೇರಿ ಆ ಕಿಂಡಿಗಳಿಂದ ಹೊರಬೀಳಲಿ, ಕೆಳಗಿರುವವರಿಗೆ ತಂಪಿರಲಿ ಎಂಬುದೇ ಆ ಎತ್ತರದ ಉದ್ದೇಶ. ಇಂದು ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ಕೇಳುವ ಕನಿಷ್ಠ ಎತ್ತರ 2.75 ಮೀಟರು, ಎಂದರೆ ಸುಮಾರು 9 ಅಡಿ ಮಾತ್ರ.

ಆದರೂ ಇಂಥ ವಿಶಾಲವಾದ ಮನೆಗಳಲ್ಲಿಯೇ ಸಾಮಾನಿಡಲು ಸ್ಥಳವಿಲ್ಲವೆಂಬ ಗೊಣಗಾಟ ಹೆಚ್ಚು. ಮಂಚದ ಕೆಳಗೆ ಟ್ರಂಕು, ಬಾಗಿಲ ಹಿಂದೆ ಹಾಸಿಗೆಯ ಸುರುಳಿ, ನಡುಮನೆಯಲ್ಲಿ ಪುಸ್ತಕದ ರಾಶಿ. ಕೊನೆಗೆ ಮನೆಯನ್ನೇ ಕೆಡವಲು ಇದೂ ಒಂದು ಕಾರಣವಾಗುವುದುಂಟು. ಒಂದು ಲೆಕ್ಕವನ್ನು ನೋಡಬಹುದು. ಕೋಣೆಯ ಒಂದು ಗೋಡೆ 12 ಅಡಿ ಉದ್ದವಿದ್ದರೆ, ನೆಲದಿಂದ 8 ಅಡಿಯ ಮೇಲೆ, 2 ಅಡಿ ಆಳ, 3 ಅಡಿ ಎತ್ತರದ ಅಟ್ಟವನ್ನು ಅದರುದ್ದಕ್ಕೂ ಮಾಡಿಸಿದಲ್ಲಿ ದೊರೆಯುವುದು 72 ಘನ ಅಡಿ. ಸಾಧಾರಣವಾದ ಎರಡು ಉಕ್ಕಿನ ಬೀರುಗಳಲ್ಲಿಯೂ ಇಷ್ಟು ಎಡೆಯಿಲ್ಲ.

ಆದರೆ ಅಟ್ಟದ ಭಾರವನ್ನು ಹೊರುವವರು ಯಾರು? ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಜಂತೆಗಳಿಂದ ಅದನ್ನು ತೂಗುಹಾಕುವುದು ಸುಲಭವೆಂದು ತೋರಿದರೂ ಬಲು ಅಪಾಯದ ಕೆಲಸ. ತಾರಸಿಯ ಭಾರವನ್ನು ಹೊತ್ತು ದಶಕಗಳನ್ನು ಕಳೆದಿರುವ ಮರವದು. ಗೋಡೆಯೊಳಗೆ ಹುದುಗಿರುವ ಅದರ ತುದಿ ತೇವಕ್ಕೆ ಕೊಳೆತಿದ್ದರೆ ಹೊರಗೆ ಕಾಣದು. ಒಂದಡಿ ಉದ್ದದ ಪುಸ್ತಕಸಾಲು ಸುಮಾರು 10 ಕಿಲೋ ತೂಗುತ್ತದೆ. ಹಿತ್ತಾಳೆಯ ಕೊಪ್ಪರಿಗೆಗಳ ಮಾತಂತೂ ಬೇಡ. ಆದುದರಿಂದ ಅಟ್ಟದ ಕೆಳಗೆ ಅಷ್ಟೇ ಆಳದ ಬೀರುಗಳನ್ನು ಸಾಲಾಗಿ ಕೂಡಿಸಿ, ಅವುಗಳ ನಿಲುವುಹಲಗೆಗಳ ಮೂಲಕ ಭಾರವು ನೆಲಕ್ಕೆ ಇಳಿಯುವಂತೆ ಮಾಡುವುದು ಕ್ಷೇಮ. ಮುಕ್ಕಾಲು ಅಂಗುಲದ ಹಲಗೆಗೆ 3 ಅಡಿಗೊಂದು ಆಸರೆಯಾದರೂ ಬೇಕು. ಇಲ್ಲವಾದರೆ ಅದು ಕಾಲಕ್ರಮದಲ್ಲಿ ಬಾಗುತ್ತದೆ.

ಗೋಡೆಯನ್ನು ಕೊರೆದು ಹೊಸ ಗೂಡು ಮಾಡಿಸುವ ಆಸೆಯನ್ನೂ ತಡೆದುಕೊಳ್ಳಬೇಕು. ಹಳೆಯ ಮನೆಗಳಲ್ಲಿ ತಾರಸಿಯನ್ನು ಹೊತ್ತಿರುವುದು ಕಾಂಕ್ರೀಟಿನ ಕಂಬಗಳಲ್ಲ, ಗೋಡೆಗಳೇ. ತೊಲೆಯ ತುದಿ ಕುಳಿತಿರುವೆಡೆಯ ಕೆಳಗೆ, ಮೂಲೆಗಳಲ್ಲಿ, ಬಾಗಿಲಿನ ಪಕ್ಕದಲ್ಲಿ ಕೊರೆಯುವುದೆಂದರೆ ಮನೆಯ ಕಾಲನ್ನೇ ಕಡಿದಂತೆ. ಹಿರಿಯರು ಕಟ್ಟುವಾಗಲೇ ಬಿಟ್ಟ ಗೂಡುಗಳಿದ್ದರೆ ಅವಕ್ಕೆ ಬಾಗಿಲಿಡಿಸಿದರೆ ಸಾಕು. ಅದಕ್ಕೂ ಹೆಚ್ಚಿನದು ಬೇಕಾದಲ್ಲಿ ಇಂಜಿನಿಯರರೊಬ್ಬರು ಬಂದು ನೋಡದೆ ಉಳಿ ಹಿಡಿಯಬಾರದು.

ಇನ್ನು ಯಾವ ವಸ್ತು ಎಲ್ಲಿರಬೇಕು? ನೆಲದಿಂದ ಎರಡೂವರೆ ಅಡಿಯವರೆಗೆ ಭಾರದ ಪಾತ್ರೆ, ಧಾನ್ಯದ ಡಬ್ಬಗಳು. ಅಲ್ಲಿಂದ ಆರಡಿಯವರೆಗೆ ನಿತ್ಯವೂ ಬೇಕಾದವು. ಎಂಟಡಿಯವರೆಗೆ ತಿಂಗಳಿಗೊಮ್ಮೆ ತೆಗೆಯುವಂಥವು. ಅದರ ಮೇಲಿನ ಅಟ್ಟ ವರ್ಷಕ್ಕೊಮ್ಮೆ ಇಳಿಯುವ ದಸರೆಯ ಗೊಂಬೆಗಳಿಗೆ, ಚಳಿಗಾಲದ ಕಂಬಳಿಗಳಿಗೆ, ಬರಿಯ ಸೂಟ್‌ಕೇಸುಗಳಿಗೆ ಮೀಸಲು. ಕೋಟು, ಸೀರೆಗಳನ್ನು ತೂಗುಹಾಕಲು 2 ಅಡಿ ಆಳ ಬೇಕು. ಪುಸ್ತಕಕ್ಕೆ 10-12 ಅಂಗುಲ ಸಾಕು. ಅಗತ್ಯಕ್ಕಿಂತ ಆಳವಾದ ಹಲಗೆಯಲ್ಲಿ ಹಿಂದಿನ ಸಾಲು ಮರೆತುಹೋಗುತ್ತದೆ.

ಈ ವಿಂಗಡಣೆ ಬರಿಯ ಅಚ್ಚುಕಟ್ಟಿಗಾಗಿ ಅಲ್ಲ. ಮನೆಯಲ್ಲಿ ಅಟ್ಟಕ್ಕೆ ಕೈಚಾಚುವವರು ಹೆಚ್ಚಾಗಿ ಗೃಹಿಣಿಯರು, ಅದರಲ್ಲಿಯೂ ವಯಸ್ಸಾದವರು. ಏಣಿಯನ್ನು ತರುವಷ್ಟು ತಾಳ್ಮೆಯಿಲ್ಲದೆ ಕುರ್ಚಿಯ ಮೇಲೊಂದು ಸ್ಟೂಲನ್ನಿಟ್ಟು ಹತ್ತಿಬಿಡುತ್ತಾರೆ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ಹಲವರಿಗೆ ಸಾಧ್ಯವಾಗದು. ಒಂದು ಉಪ್ಪಿನಕಾಯಿ ಜಾಡಿಗೆ ತೆರುವ ಬೆಲೆಯೇ ಅದು? ಆದುದರಿಂದ ಅಟ್ಟದ ನಕ್ಷೆಯಲ್ಲಿಯೇ ಏಣಿಗೂ ಜಾಗವಿರಲಿ. ಅಟ್ಟದ ಅಂಚಿಗೆ ಉಕ್ಕಿನ ಸರಳೊಂದನ್ನು ಕೂಡಿಸಿ, ಕೊಕ್ಕೆಗಳಿಂದ ಅದಕ್ಕೆ ಸಿಕ್ಕಿಕೊಳ್ಳುವ ಏಣಿಯನ್ನು ಮಾಡಿಸಿದರೆ ಅದು ಜಾರದು. ಒರಗಿಸುವ ಏಣಿಯಾದರೆ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡವು ಗೋಡೆಯಿಂದ ದೂರವಿರಬೇಕು. ಎತ್ತರದ ಕೋಣೆಗಳಲ್ಲಿ ಫ್ಯಾನನ್ನು ಉದ್ದನೆಯ ಕೊಳವೆಯಿಂದ ಇಳಿಬಿಟ್ಟಿರುತ್ತಾರೆ. ಏಣಿಯ ಮೇಲೆ ನಿಂತವರ ತಲೆಗೂ ಕೈಗೂ ಅದರ ರೆಕ್ಕೆ ಎಟುಕದಂತೆ ಅಟ್ಟದ ಗೋಡೆಯನ್ನು ಆರಿಸಬೇಕು. ಹತ್ತುವ ಮುನ್ನ ಅದನ್ನು ನಿಲ್ಲಿಸಲೂಬೇಕು.

ಗಾಳಿಕಿಂಡಿಗಳಿರುವ ಗೋಡೆ ಅಟ್ಟಕ್ಕೆ ಸಲ್ಲದು. ಅವನ್ನು ಮುಚ್ಚಿದರೆ ಎತ್ತರವಿದ್ದೂ ತಂಪಿಲ್ಲ. ತೇವವೇರುವ ಹೊರಗೋಡೆಗೆ ಬೀರುವನ್ನು ಒತ್ತಿ ನಿಲ್ಲಿಸಬಾರದು. ಹಿಂದೆ ಎರಡಂಗುಲ ಬಿಟ್ಟರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ, ಗೆದ್ದಲಿನ ಜಾಡೂ ಬೇಗ ಕಣ್ಣಿಗೆ ಬೀಳುತ್ತದೆ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಹಿತ. ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ಹೊರದಾರಿ ತಪ್ಪುತ್ತದೆ. ಅಡಿಗೆಮನೆಯ ಕೆಲಸಕ್ಕೆ ಐಎಸ್ 710 ಮುದ್ರೆಯುಳ್ಳ, ನೀರು ತಡೆಯುವ ಪ್ಲೈವುಡ್ ತಕ್ಕದ್ದು.

ಕೆಲಸದ ಕ್ರಮವೂ ಮುಖ್ಯ. ಮೊದಲು ತಾರಸಿಯ ಸೋರಿಕೆ, ಅನಂತರ ಜಂತೆಗಳ ತಪಾಸಣೆ, ಆಮೇಲೆ ಹಳೆಯ ವಿದ್ಯುತ್ ತಂತಿಗಳ ಬದಲಾವಣೆ, ಬಳಿಕ ಗಾರೆ. ಬಡಗಿಯ ಸರದಿ ಕಟ್ಟಕಡೆಯದು. ಈ ಕ್ರಮ ತಲೆಕೆಳಗಾದರೆ ಹೊಸ ಅಟ್ಟವನ್ನು ಬಿಚ್ಚಿ ಹಳೆಯ ಸೋರಿಕೆಯನ್ನು ಹುಡುಕಬೇಕಾದೀತು.

ಹತ್ತಿದ ಏಣಿಯನ್ನು ಒದೆಯಬಾರದೆನ್ನುತ್ತಾರೆ. ಮೂರು ತಲೆಮಾರುಗಳನ್ನು ಸಾಕಿದ ಮನೆಯ ವಿಷಯದಲ್ಲಿಯೂ ಆ ಮಾತು ಸಲ್ಲುತ್ತದೆ. ಕೆಡವಲು ಹಾರೆ ಹಿಡಿಯುವ ಮುನ್ನ ಮನೆಯವರು ಅಳತೆಯ ಟೇಪು ಹಿಡಿದು ಒಮ್ಮೆ ತಲೆಯೆತ್ತಿ ನೋಡುವುದು ಲೇಸು.