ರೌಡಿ ಅಂದವರೇ, ಕೇಳ್ರಿ

ನಾಲ್ಕು ವರ್ಷದ ಕೂಸಿಗೆ ರೌಡಿ ಅಂತೀರಲ್ಲ, ನಾಲಿಗೆ ಹೆಂಗ ಬರತೈತಿ ನಿಮಗೆ?

ನನಗೂ ಅಂದಿದ್ದರು. ಅಪ್ಪ ಸಂಡೂರಿನ ಗುಡ್ಡದಲ್ಲಿ ಅದಿರು ಒಡೆದು, ಲಾರಿಗೆ ತುಂಬಿ, ಮೈತುಂಬ ಕೆಂಧೂಳು ಮೆತ್ತಿಕೊಂಡು ಬರುತ್ತಿದ್ದ. ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿದವನು ಮನೆಯಲ್ಲಿ ಅವ್ವನ ತುರುಬಿಗೆ ಕೈ ಹಾಕುತ್ತಿದ್ದ. ರೊಟ್ಟಿ ಬುಟ್ಟಿಯ ಹಿಂದೆ ಕೂತ ನಾನು ಅವನ ಹೆಜ್ಜೆ ಸಪ್ಪಳದಲ್ಲೇ ಆ ರಾತ್ರಿಯ ಹೊಡೆತ ಎಷ್ಟೆಂದು ಅಳೆಯುತ್ತಿದ್ದೆ. ಶಾಲೆಯಲ್ಲಿ ಹುಡುಗನೊಬ್ಬ ಬೆನ್ನು ಮುಟ್ಟಿ ಕರೆದ. ತಿರುಗಿದವನೇ ಸ್ಲೇಟಿನಿಂದ ಬಾರಿಸಿದೆ. ಅವನ ಕೈಯಲ್ಲಿದ್ದದ್ದು ನನಗೆ ಕೊಡಲು ತಂದ ಬಳಪ. ಯಾಕೆ ಹೊಡೆದೆ ಅಂತ ಮೇಷ್ಟ್ರು ಕೇಳಲಿಲ್ಲ. "ಆ ಕೇರಿಯವು ಹುಟ್ಟಿದ್ದೇ ಹಂಗ" ಅಂದು ಬೆತ್ತ ಎತ್ತಿಕೊಂಡರು.

ಹೊಡೀಬ್ಯಾಡ ಅನ್ನೋದನ್ನ ಹೊಡೆದೇ ಕಲಿಸಿದರು.

1990ರಲ್ಲಿ ಅಮೆರಿಕದ ಮನೋವಿಜ್ಞಾನಿ ಕೆನೆತ್ ಡಾಡ್ಜ್ ಮತ್ತು ಸಂಗಡಿಗರು ಶಾಲೆ ಸೇರುವ ವಯಸ್ಸಿನ ಮಕ್ಕಳಲ್ಲಿ ಕಂಡದ್ದೂ ನನ್ನ ಆ ಸ್ಲೇಟಿನ ಏಟಿನ ಕಥೆಯನ್ನೇ. ಮನೆಯಲ್ಲಿ ಏಟು ತಿಂದ ಮಗು ಎದುರಿನವರ ಮನಸ್ಸನ್ನು ತಪ್ಪಾಗಿ ಓದುವುದು ಹೆಚ್ಚು. ಸುಮ್ಮನೆ ತಾಗಿದ ಕೈಯಲ್ಲೂ ಹಗೆ ಕಾಣುತ್ತದೆ. ಅದು ಜಾತಿಯ ಗುಣವಲ್ಲ, ಭಯ. ಆ ಭಯದ ಬೇರು ಮನೆಯಾಚೆಗೂ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರಿನ ಲೂಟಿ ನಿಲ್ಲಲೇಬೇಕಿತ್ತು. ಆದರೆ ದಂಡ ಬಿದ್ದದ್ದು ಕೂಲಿಯವರಿಗೂ, ಸಾಲ ಮಾಡಿ ಲಾರಿ ಕೊಂಡವರಿಗೂ. ಲಾರಿ ನಿಂತವು, ಕಂತು ನಿಲ್ಲಲಿಲ್ಲ. ಫೈನಾನ್ಸಿನವನಿಗೆ ತೋರಿಸಲಾಗದ ಸಿಟ್ಟು ಹೆಂಡತಿಯ ಮೇಲೆ, ಅವಳದು ಕೂಸಿನ ಮೇಲೆ, ಕೂಸಿನದು ಅಂಗನವಾಡಿಯಲ್ಲಿ ಪಕ್ಕ ಕೂತ ಕೂಸಿನ ಮೇಲೆ.

ಅಲ್ಲಿ ತೂಕ ಬರೆಯುತ್ತೀರಿ, ಎತ್ತರ ಬರೆಯುತ್ತೀರಿ. ರಾತ್ರಿ ಆ ಕೂಸು ಏನು ಕಂಡಿತು ಅಂತ ಯಾವ ಪುಸ್ತಕದಲ್ಲಿ ಬರೆದೀರಿ?

ಹೊಸಪೇಟೆಯ ಗಣಿದುಡ್ಡಿನ ಬಂಗಲೆಯಲ್ಲಿ ಮಗ ಕೆಲಸದವಳಿಗೆ ಒದ್ದರೆ "ಭಾರಿ ಚುರುಕು" ಅಂತ ನಗುತ್ತೀರಿ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಹಚ್ಚುವವಳ ಮಗ ಒದ್ದರೆ ರೌಡಿ. ಯಾರಿಗೆ ಒದ್ದರೆ ಕೇಳುವವರಿಲ್ಲ ಅನ್ನೋದನ್ನ ಆ ಬಂಗಲೆಯ ಹುಡುಗ ನಿಮ್ಮನ್ನು ನೋಡಿಯೇ ಕಲಿತ.

ಹಂಪಿಯ ವಿಠ್ಠಲ ಗುಡಿಯ ಸಂಗೀತ ಕಂಬವನ್ನು ಯಾರೂ ತಟ್ಟುವಂತಿಲ್ಲ. ಕಲ್ಲಿಗಿರುವ ಕಾವಲು ನಮ್ಮ ಕೂಸಿನ ಕೆನ್ನೆಗಿಲ್ಲ.

ಅಪ್ಪನಿಗೆ ಕೂಲಿ ಕೊಡ್ರಿ. ಅವ್ವನ ಮೇಲೆ ಬೀಳುವ ಕೈ ತಡೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದ ಆ ಬೆತ್ತ ಮುರೀರಿ. ಆಮೇಲೆ ಬಂದು ನಮ್ಮ ಕೂಸಿಗೆ ಶಾಂತಿ ಹೇಳ್ರಿ.