ಆಫ್ರಿಕಾದ ನೆರೆಯವರು ಮತ್ತು ನಮ್ಮ ಮುಚ್ಚಿದ ಬಾಗಿಲು

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಸೋಲದೇವನಹಳ್ಳಿಯ ಬಳಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪೊಂದು ಥಳಿಸಿ, ಆಕೆ ಬಂದಿದ್ದ ಕಾರಿಗೆ ಬೆಂಕಿ ಹಚ್ಚಿತು. ಆಕೆ ಮಾಡಿದ್ದ ಅಪರಾಧವೇನು? ಸ್ವಲ್ಪ ಹೊತ್ತಿನ ಮುಂಚೆ ಅದೇ ಪ್ರದೇಶದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಢಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟಿದ್ದರು. ಆತನಿಗೂ ಈಕೆಗೂ ಇದ್ದ ಏಕೈಕ ಸಂಬಂಧ ಚರ್ಮದ ಬಣ್ಣ.

ಬಂಧನಗಳಾದವು, ಖಂಡನೆಗಳು ಬಂದವು, ಕ್ರಮೇಣ ಎಲ್ಲರೂ ಮರೆತರು. ಆದರೆ ಘಟನೆ ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ಯಶವಂತಪುರ ದಾಟಿ ಹೆಸರಘಟ್ಟದ ಕಡೆಗೆ ಹೋಗುವ ರಸ್ತೆಯ ಕಾಲೇಜುಗಳಿಗೆ ಆಫ್ರಿಕಾದ ಯುವಕ ಯುವತಿಯರು ಬರತೊಡಗಿ ವರ್ಷಗಳು ಕಳೆದಿವೆ. ಅವರಿಂದ ಬಾಡಿಗೆ ಪಡೆದೆವು, ಶುಲ್ಕ ಪಡೆದೆವು. ಆದರೆ ಇವನು ಸುಡಾನಿ, ಇವನು ಸೊಮಾಲಿ, ಇವಳು ತಾಂಜಾನಿಯಾದವಳು ಎಂದು ಗುರುತಿಸುವಷ್ಟು ಪರಿಚಯವನ್ನಾದರೂ ಗಳಿಸಿದೆವೇ?

ಸೊಮಾಲಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕ್ಷಾಮ ಮತ್ತು ಕಡಲ್ಗಳ್ಳತನ. 1972ರವರೆಗೆ ಅಧಿಕೃತ ಲಿಪಿಯೇ ಇಲ್ಲದಿದ್ದ ಆ ಭಾಷೆಯಲ್ಲಿ ನ್ಯಾಯಪಂಚಾಯಿತಿ, ಪ್ರೇಮ, ಯುದ್ಧ ಎಲ್ಲವೂ ಕಾವ್ಯದಲ್ಲಿ ನಡೆಯುತ್ತಿದ್ದವು; ಹೆಣ್ಣುಮಕ್ಕಳಿಗೆ ‘ಬುರಾನ್‌ಬುರ್’ ಎಂಬ ತಮ್ಮದೇ ಕಾವ್ಯಪ್ರಕಾರವಿತ್ತು ಎಂಬುದು ನಮಗೆ ತಿಳಿಯದು. ಆ ದೇಶದ ಹೆಸರಾಂತ ಕಾದಂಬರಿಕಾರ ನೂರುದ್ದೀನ್ ಫರಾಹ್ ಅವರು 1960ರ ದಶಕದಲ್ಲಿ ಚಂಡೀಗಢದಲ್ಲಿ ವಿದ್ಯಾರ್ಥಿಯಾಗಿದ್ದರು ಎಂಬುದೂ ತಿಳಿಯದು.

1991ರಲ್ಲಿ ಸರಕಾರ ಕುಸಿದ ಬಳಿಕ ಸೊಮಾಲಿಗಳು ಜಗತ್ತಿನೆಲ್ಲೆಡೆ ಚದುರಿದರು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿದವರು 2013ರಲ್ಲಿ ತಮ್ಮದೇ ವಸ್ತುಸಂಗ್ರಹಾಲಯವನ್ನು ತೆರೆದರು. ಅಲೆಮಾರಿ ಬದುಕಿನ ಚಾಪೆ, ಬುಟ್ಟಿ, ಮರದ ಪಾತ್ರೆಗಳನ್ನು ಅಲ್ಲಿಟ್ಟರು. ಹೊಸ ನೆಲದಲ್ಲಿ ಹುಟ್ಟಿದ ಮಕ್ಕಳಿಗೆ ತಾವು ಯಾರೆಂದು ತಿಳಿಸುವುದು ಒಂದು ಉದ್ದೇಶ, ತಮ್ಮನ್ನು ಶಂಕೆಯಿಂದ ನೋಡುವ ನೆರೆಯವರಿಗೆ ಪರಿಚಯವಾಗುವುದು ಇನ್ನೊಂದು.

ಇದು ದೂರದ ಕತೆ ಎನ್ನುವವರು ಕರ್ನಾಟಕದತ್ತಲೇ ಕಣ್ಣು ಹಾಯಿಸಲಿ. ಬೀದರಿನ ಹಬ್ಶಿ ಕೋಟ್, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಪ್ರಧಾನಿಯ ಸ್ಥಾನಕ್ಕೇರಿದ ಇಖ್ಲಾಸ್ ಖಾನ್ — ಇವು ಆಫ್ರಿಕಾ ನಮ್ಮ ಚರಿತ್ರೆಯೊಳಗೇ ಇದೆ ಎಂಬುದಕ್ಕೆ ಸಾಕ್ಷಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳಂತೂ ಜೀವಂತ ಸಾಕ್ಷಿ. ಗುಲಾಮರಾಗಿ ತರಲ್ಪಟ್ಟವರ ವಂಶಜರಾದ ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಹಳೆಯ ಬಟ್ಟೆಯ ತುಂಡುಗಳಿಂದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ‘ಕವಂಡ್’ ಎಂದು ಹೆಸರು. ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿಯುತ್ತ ಹೋಗಿ, ನಾಲ್ಕು ಮೂಲೆಗೂ ಬಟ್ಟೆ ಮಡಚಿದ ‘ಫೂಲ್’ ಇಟ್ಟರೆ ಮಾತ್ರ ಅದು ಪೂರ್ಣ. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರ ಈ ಕೌದಿಗಳ ಪ್ರದರ್ಶನ ಏರ್ಪಡಿಸಿತು. ನ್ಯೂಯಾರ್ಕಿಗೆ ಕಂಡದ್ದು ಬೆಂಗಳೂರಿನ ನಮ್ಮಲ್ಲಿ ಎಷ್ಟು ಮಂದಿಗೆ ಕಂಡಿದೆ? ಇದೇ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತೆಂಬುದನ್ನೂ ಮರೆಯಬಾರದು. ಉತ್ಸವದ ವೇದಿಕೆಯಲ್ಲಿ ಅವರ ಡಮಾಮಿಗೆ ಚಪ್ಪಾಳೆ ತಟ್ಟುವುದು ಸುಲಭ, ಹಕ್ಕು ಕೊಡುವುದು ಕಷ್ಟ.

ಈಗ ನಮ್ಮ ಸಮುದಾಯವನ್ನೇ ಪ್ರಶ್ನಿಸಿಕೊಳ್ಳೋಣ. ಹಝ್ರತ್ ಬಿಲಾಲರ ಹೆಸರನ್ನು ಮಕ್ಕಳಿಗೆ ಇಡುತ್ತೇವೆ. ಮಕ್ಕಾದಿಂದ ಓಡಿಬಂದ ಮೊದಲ ಮುಸ್ಲಿಮರಿಗೆ ಆಶ್ರಯವಿತ್ತ ಅಬಿಸೀನಿಯಾದ ದೊರೆ ನಜಾಶಿಯನ್ನು ಭಾಷಣಗಳಲ್ಲಿ ಹೊಗಳುತ್ತೇವೆ. ಅದೇ ಕಡೆಯಿಂದ ಬಂದ ಹುಡುಗನೊಬ್ಬ ಜುಮಾ ನಮಾಝಿನಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಂತು, ಸಂಜೆ ಮನೆ ಬಾಡಿಗೆಗಿದೆಯೇ ಎಂದು ಕೇಳಿದರೆ ನಮ್ಮ ಉತ್ತರವೇನು? ಸಫ್ಫಿನಲ್ಲಿರುವ ಸಮಾನತೆ ಮಸೀದಿಯ ಮೆಟ್ಟಿಲು ಇಳಿಯುವುದಿಲ್ಲವೆಂದಾದರೆ, ಪೂರ್ವಾಗ್ರಹದ ಬಗ್ಗೆ ಇತರರನ್ನು ದೂರುವ ನೈತಿಕ ಹಕ್ಕು ನಮಗೆಲ್ಲಿದೆ?

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಆರ್.ಟಿ. ನಗರ, ಹೆಬ್ಬಾಳ, ಯಲಹಂಕದ ಶಾದಿಮಹಲುಗಳಲ್ಲಿ, ಶಾಲೆಗಳಲ್ಲಿ ಒಂದು ಭಾನುವಾರವನ್ನು ಇದಕ್ಕೆಂದು ಮೀಸಲಿಡಬಹುದು. ಸೊಮಾಲಿ, ಸುಡಾನಿ ವಿದ್ಯಾರ್ಥಿಗಳು ತಮ್ಮ ಕಾವ್ಯ, ಕಸೂತಿ, ಅಡುಗೆಯನ್ನು ಪರಿಚಯಿಸಲಿ. ಸಿದ್ದಿ ಹೆಂಗಸರು ಕೌದಿ ತಂದು, ನ್ಯಾಯವಾದ ಬೆಲೆಗೆ ಮಾರಲಿ. ನೆರೆಯ ಹಿಂದೂ, ಕ್ರೈಸ್ತ ಕುಟುಂಬಗಳನ್ನೂ ಆಮಂತ್ರಿಸೋಣ. ಆದರೆ ಅವರನ್ನು ಮನರಂಜನೆಗಾಗಿ ಕರೆಯುವುದು ಬೇಡ. ಏನನ್ನು, ಹೇಗೆ ತೋರಿಸಬೇಕೆಂದು ಅವರೇ ತೀರ್ಮಾನಿಸಲಿ.

ಕಲೆಯು ಕಾನೂನಿನ ರಕ್ಷಣೆಗೆ ಪರ್ಯಾಯವಲ್ಲ, ನಿಜ. ಗುಂಪಿನ ಕೈಯನ್ನು ತಡೆಯಬೇಕಾದವರು ಪೊಲೀಸರೇ. ಆದರೆ ಹೆಸರು ಗೊತ್ತಿರುವ ಹುಡುಗಿಯ ಮೇಲೆ, ಆಕೆಯ ಕೈಯ ಅಡುಗೆ ಉಂಡವರು ಅಷ್ಟು ಸುಲಭವಾಗಿ ಕೈ ಎತ್ತಲಾರರು. ಸೋಲದೇವನಹಳ್ಳಿಯ ಆ ರಾತ್ರಿ, ‘ಇವಳು ನಮ್ಮ ಬೀದಿಯವಳು, ಬಿಡಿ’ ಎಂದು ಅಡ್ಡ ನಿಲ್ಲುವ ಹತ್ತು ಮಂದಿ ಬೇಕಿತ್ತು. ಅಂತಹ ಹತ್ತು ಮಂದಿಯನ್ನು ಸಿದ್ಧಗೊಳಿಸುವ ಹೊಣೆ ಯಾರದು?